ಹಪ್ಪಳದ ಚಾಪೆಯಲ್ಲಿ ಒಂಬತ್ತನೇ ಭಾಗ

ನಮ್ಮ ಮನೆಯಲ್ಲಿ ಒಂದು ಪುಸ್ತಕ ಉಂಟು. ಅದರ ಕೊನೆಯ ಇಪ್ಪತ್ತು ಪುಟ ಈಗ ಒಂದೇ ಪುಟ. ಮುಟ್ಟಿದರೆ ಹಪ್ಪಳದ ಹಾಗೆ ಸದ್ದು ಮಾಡುತ್ತದೆ.

ಪುಸ್ತಕದ ಹೆಸರು ‘ವೇವ್‌ರೈಡರ್’. ಕಾಜು ಕಿಬುಯಿಶಿ ಎಂಬವರು ತಾವೇ ಬರೆದು, ತಾವೇ ಚಿತ್ರ ಬಿಡಿಸಿದ ‘ಆಮ್ಯುಲೆಟ್’ ಎಂಬ ಮಕ್ಕಳ ಚಿತ್ರಕಾದಂಬರಿ ಸರಣಿಯ ಒಂಬತ್ತನೇ ಭಾಗ, ಕೊನೆಯದು. ಎಮಿಲಿ ಮತ್ತು ಅವಳ ತಮ್ಮ ನೇವಿನ್ ತಾಯಿಯ ಜೊತೆ ಮುತ್ತಜ್ಜನ ಹಳೇ ಮನೆಗೆ ಬರುತ್ತಾರೆ. ಎಮಿಲಿಗೆ ಅಲ್ಲಿ ಕಲ್ಲಿನ ತಾಯತವೊಂದು ಸಿಗುತ್ತದೆ. ತಾಯಿಯನ್ನು ಏನೋ ಒಂದು ವಿಚಿತ್ರ ಪ್ರಾಣಿ ಎಳೆದುಕೊಂಡು ಹೋಗುತ್ತದೆ. ಹುಡುಕಿಕೊಂಡು ಹೋದರೆ ಬೇರೆಯೇ ಲೋಕ. ಮಾತಾಡುವ ರೋಬೋಟ್ ಮೊಲ, ಎದ್ದು ನಡೆಯುವ ಮನೆ, ಮುಖವಾಡ ಹಾಕಿದ ಎಲ್ಫ್ ರಾಜ. ಆ ರಾಜನ ಚಿತ್ರ ನೋಡಿ ನಮ್ಮ ಅಪ್ಪ, “ಇದು ಯಕ್ಷಗಾನದ ರಾಕ್ಷಸ, ಸರಿಯಾದ ಬಣ್ಣದ ವೇಷ. ಚೆಂಡೆ ಒಂದು ಇಲ್ಲ, ಅಷ್ಟೆ” ಅಂದಿದ್ದರು.

ಮೊದಲ ಭಾಗ ಬಂದದ್ದು 2008ರಲ್ಲಿ. ಎಂಟನೆಯದು 2018ರಲ್ಲಿ. ಆಮೇಲೆ ಸುದ್ದಿಯೇ ಇಲ್ಲ. ಒಂಬತ್ತನೆಯದು ಬರುವಾಗ 2024ರ ಫೆಬ್ರವರಿ. ಎಂಟನೇ ಭಾಗ ಓದುವಾಗ ನನ್ನ ಮಗಳು ಮೂರನೇ ಕ್ಲಾಸು. ಒಂಬತ್ತನೆಯದು ಬರುವಾಗ ಎಂಟನೇ ಕ್ಲಾಸಿನ ಪರೀಕ್ಷೆ ಹತ್ತಿರ ಬಂದಿತ್ತು. “ಅದು ಸಣ್ಣ ಮಕ್ಕಳದ್ದು ಅಪ್ಪ” ಅಂದುಬಿಟ್ಟಳು. ಮರೆಯದೆ ಕಾದವನು ನಾನೊಬ್ಬನೇ. ರಾತ್ರಿ ಮಲಗುವಾಗ ಎಂಟೂ ಭಾಗವನ್ನು ಕನ್ನಡ ಮಾಡಿ ಹೇಳಿದ್ದು ನಾನಲ್ವಾ? ಎಲ್ಫ್ ರಾಜನ ಸ್ವರ ತೆಗೆದು ಗಂಟಲು ಕಟ್ಟಿದ್ದೂ ನನ್ನದೇ.

ಮಗಳ ಹೆಸರಿನಲ್ಲಿ ತರಿಸಿದೆ. ಪುಸ್ತಕ ಬಂದದ್ದು ಮೇ ತಿಂಗಳಲ್ಲಿ. ಅವಳು ರಜೆಗೆಂದು ಕಾರ್ಕಳದ ಅಜ್ಜನ ಮನೆಗೆ ಹೋಗಿದ್ದಳು. ಫೋನಿನಲ್ಲಿ ಹೇಳಿದೆ, ಅದೇ ತಪ್ಪು. “ನಾನು ಬಂದ ಮೇಲೆ ಬಿಡಿಸಿ. ಮುಟ್ಬೇಡಿ” ಅಂದಳು. ಸಣ್ಣ ಮಕ್ಕಳದ್ದು ಅಂದವಳು ಅವಳೇ. “ಆಯ್ತು” ಅಂದೆ. ಮರುದಿನ ಬೆಳಿಗ್ಗೆ ಪುಸ್ತಕ ನನ್ನ ಆಫೀಸ್ ಬ್ಯಾಗಿನಲ್ಲಿತ್ತು, ಬುತ್ತಿಯ ಪಕ್ಕದಲ್ಲಿ.

ಉಡುಪಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಒಂದೂವರೆ ಗಂಟೆ. ಕಾಪು ದಾಟುವಾಗ ಪಕ್ಕದ ಸೀಟಿನ ಹಿರಿಯರು, “ಎಂತ, ಮಕ್ಕಳ ಪುಸ್ತಕವಾ?” ಅಂತ ಕೇಳಿದರು. “ಮಗಳಿಗೆ. ಒಳ್ಳೇದುಂಟಾ ಅಂತ ನೋಡ್ತಾ ಇದ್ದೇನೆ” ಅಂದೆ. ಅವರು ನಂಬಲಿಲ್ಲ. ಪಡುಬಿದ್ರಿಯಲ್ಲಿ ಕಿಸೆಯಿಂದ ಕನ್ನಡಕ ತೆಗೆದರು. ಮೂಲ್ಕಿ ಸಂಕದ ಮೇಲೆ ನನ್ನ ಹೆಗಲಿಗೆ ಒರಗಿದರು. ಸುರತ್ಕಲ್ಲಿಗೆ ಬರುವಾಗ, “ಸ್ವಲ್ಪ ನಿಲ್ಲಿ ಮಾರಾಯ್ರೆ, ಈ ಪುಟ ನಂದಾಗಲಿಲ್ಲ” ಅಂದರು.

ಕೊನೆಯ ಇಪ್ಪತ್ತು ಪುಟ ಬೇಕೆಂದೇ ಉಳಿಸಿದೆ. ಐದೂವರೆ ವರ್ಷ ಕಾದಿದ್ದೇನೆ, ಸಂಜೆಯ ಬಸ್ಸಿನಲ್ಲಿ ನಿಧಾನಕ್ಕೆ ಓದುವ ಅಂತ.

ಸಂಜೆ ಗುಡುಗು, ಮಳೆ. ಬಸ್ಸು ಹತ್ತುವಾಗ ಕಂಡಕ್ಟರ್ ಹಿಂದಿನಿಂದ, “ಕೊಡೆ ಮಡಚಿ, ಬೇಗ ಬೇಗ” ಅಂತ ಬೊಬ್ಬೆ. ಮಡಚಿದ ಕೊಡೆಯನ್ನು ಎಲ್ಲಿಡುವುದು? ಬ್ಯಾಗಿಗೆ ತುರುಕಿದೆ. ಬಸ್ಸಿನಲ್ಲಿ ನಿಲ್ಲಲಿಕ್ಕೂ ಜಾಗ ಇಲ್ಲ, ಇನ್ನು ಓದುವುದೆಲ್ಲಿಂದ? ಮನೆಗೆ ಬಂದು ತೆಗೆದರೆ ಕೊಡೆ ಒಣಗಿತ್ತು. ಅದರ ನೀರಷ್ಟನ್ನೂ ಪುಸ್ತಕ ಕುಡಿದಿತ್ತು, ಅದೂ ಹಿಂದಿನ ರಟ್ಟಿನ ಕಡೆಯಿಂದ.

ಮರುದಿನ ಒಳ್ಳೆ ಬಿಸಿಲು. ಟೆರೇಸಿನಲ್ಲಿ ಅಮ್ಮ ಹಲಸಿನ ಹಪ್ಪಳ ಒಣಹಾಕಿದ್ದರು. “ಇಲ್ಲೇ ಇಡು, ಎರಡು ಬಿಸಿಲಿಗೆ ಗರಿಗರಿ ಆಗ್ತದೆ” ಅಂದರು. ಇಟ್ಟೆ. ಗಾಳಿಗೆ ಹಾರಬಾರದೆಂದು ಮೇಲೆ ರುಬ್ಬುವ ಗುಂಡುಕಲ್ಲನ್ನೂ ಹೇರಿದೆ. ಅಮ್ಮ ಹೇಳಿದ ಹಾಗೆ ಗರಿಗರಿ ಆಯಿತು. ಬಿಡಿಸಲಿಕ್ಕೆ ಮಾತ್ರ ಬರಲಿಲ್ಲ.

ಲೈಬ್ರರಿಯಲ್ಲಿ ಕೆಲಸ ಮಾಡುವ ಗೆಳೆಯನಿಗೆ ಫೋನು ಮಾಡಿದೆ. ಅವನು ಮೊದಲು ಹೊಟ್ಟೆ ತುಂಬಾ ನಕ್ಕ. ಆಮೇಲೆ ಪಾಠ ಮಾಡಿದ. ನುಣುಪು ಕಾಗದದ ಮೇಲೆ ಜೇಡಿಮಣ್ಣಿನಂಥ ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿದಿರುತ್ತಾರಂತೆ. ಒದ್ದೆಯಾದರೆ ಆ ಲೇಪವೇ ಮೆತ್ತಗಾಗುತ್ತದೆ. ಪುಟಕ್ಕೆ ಪುಟ ಒತ್ತಿಕೊಂಡು ಒಣಗಿದರೆ ಇಟ್ಟಿಗೆ. “ಒದ್ದೆ ಇರುವಾಗಲೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಫ್ರೀಜರಿಗೆ ಹಾಕಬೇಕಿತ್ತು ಮಾರಾಯ. ಆಮೇಲೆ ಒಂದೊಂದೇ ಪುಟ ನಿಧಾನಕ್ಕೆ ಬಿಡಿಸಬಹುದಿತ್ತು. ಕಲ್ಲು ಬೇರೆ ಇಟ್ಟಿದ್ದೀಯಲ್ಲ!” ಅಂದ. ಫ್ರೀಜರಿನಲ್ಲಿ ಬಂಗುಡೆ ಇತ್ತು. ನನ್ನವಳು ಒಪ್ಪುತ್ತಲೇ ಇರಲಿಲ್ಲ ಬಿಡಿ.

ಆದರೂ ಒಂದು ಕೈ ನೋಡುವ ಅಂತ ಇಡ್ಲಿ ಪಾತ್ರೆಯ ಹಬೆಗೆ ಹಿಡಿದೆ. ಲಕೋಟೆಯಿಂದ ಸ್ಟ್ಯಾಂಪ್ ಬಿಡಿಸಿದ ಅನುಭವ ಉಂಟಲ್ಲ. ಒಂದು ಪುಟ ಬಿಟ್ಟಿತು. ಆ ಕಡೆಯ ಕಣ್ಣು, ಮೂಗು ಈ ಕಡೆಯ ಆಕಾಶಕ್ಕೆ ಬಂದಿದ್ದವು. ಅಲ್ಲಿಗೆ ಬಿಟ್ಟೆ.

ಮಗಳು ಬಂದಳು, ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗೆಳತಿಯ ಮನೆಗೆ ಹೋಗಿ ಎರಡೇ ಸಂಜೆಯಲ್ಲಿ ಕೊನೆಯವರೆಗೆ ಓದಿ ಬಂದಳು. “ಏನಾಯ್ತು?” ಅಂದರೆ, “ಓದಿ” ಅನ್ನುತ್ತಾಳೆ. ಆ ಪುಸ್ತಕ ನಮ್ಮ ಮನೆಗೆ ಬರುವ ಹಾಗಿಲ್ಲ. ಗೆಳತಿಯ ಅಮ್ಮನಿಗೆ ಹಪ್ಪಳದ ಸುದ್ದಿ ಮುಟ್ಟಿದೆ. ಇನ್ನೊಂದು ತರಿಸುವ ಅಂದರೆ ನನ್ನವಳು, “ಈ ವರ್ಷದ ಹಪ್ಪಳ ಆಯ್ತು” ಅಂದಳು.

ಅಪ್ಪ ಸಮಾಧಾನ ಮಾಡಿದರು. “ಐವತ್ತು ವರ್ಷದಿಂದ ಯಕ್ಷಗಾನದ ಆಟ ನೋಡ್ತಾ ಇದ್ದೇನೆ. ಬೆಳಗಿನ ಜಾವದ ಮಂಗಳಕ್ಕೆ ಎಚ್ಚರ ಇದ್ದದ್ದು ನಾಲ್ಕೋ ಐದೋ ಸಲ. ಎಂತ ಆಯ್ತು ಈಗ?”

ಹಾಗೆ ಹೇಳಿದವರಿಗೇ ಮಗಳು ಒಂದು ರಾತ್ರಿ ಇಡೀ ಕೊನೆಯನ್ನು ಕಿವಿಯಲ್ಲಿ ಪಿಸುಗುಟ್ಟಿದಳು. ಅಪ್ಪ, “ಹೌದಾ! ಛೆ ಛೆ! ಅಬ್ಬಾ!” ಅಂತ ಕೇಳಿದರು. ನಾನು ಚಾವಡಿಯಲ್ಲಿ ಪೇಪರ್ ಹಿಡಿದು ಕೂತಿದ್ದೆ. ಒಂದು ಅಕ್ಷರ ಓದಿದ್ದರೆ ಕೇಳಿ.

ಮರುದಿನ ಅಪ್ಪನನ್ನು ಗಡ್‌ಬಡ್ ತಿನ್ನಿಸಲು ಕರೆದುಕೊಂಡು ಹೋದೆ. ಸಕ್ಕರೆ ಕಾಯಿಲೆ ಇರುವವರಿಗೆ ತಿನ್ನಿಸಬಾರದು, ಗೊತ್ತು. ಮೇಲಿನ ಐಸ್‌ಕ್ರೀಮ್ ಮುಗಿಯುವವರೆಗೆ ಮಾತಿಲ್ಲ. ಜೆಲ್ಲಿ ಕಾಣುವಾಗ ಬಾಯಿ ಬಿಟ್ಟರು.

“ಆ ಹುಡುಗಿ ಉಂಟಲ್ಲ, ಯುದ್ಧಕ್ಕೆ ಹೊರಟಳು. ಎದುರಿಗೆ ಬಣ್ಣದ ವೇಷ. ಏನು ಅಬ್ಬರ ಅಂತಿ! ಅಷ್ಟರಲ್ಲಿ ಕೃಷ್ಣ ಬಂದ.”

ಅಪ್ಪನ ಎಡಗಿವಿ ಕೇಳುವುದಿಲ್ಲ ಎಂಬುದು ಆಗ ನೆನಪಾಯಿತು. ಮಗಳು ಕೂತದ್ದು ಎಡಕ್ಕೆ.

“ಕೃಷ್ಣ ಎಲ್ಲಿಂದ ಬಂದ ಅಪ್ಪ?”

ಅಪ್ಪ ಉದ್ದ ಚಮಚದಲ್ಲಿ ಲೋಟದ ತಳ ಕೆರೆದರು. “ಉಡುಪಿಯಲ್ಲಿ ಕೂತು ಕೇಳುವ ಪ್ರಶ್ನೆಯಾ ಅದು?” ಅಂದರು.