ಸ್ಪಷ್ಟನೆ: ಇಲೊಕಾನೊ, ಫಿಲಿಪಿನೊದ ಉಪಭಾಷೆಯಲ್ಲ

‘ಇಲೊಕಾನೊ ಎಂದರೆ ಫಿಲಿಪಿನೊ ಭಾಷೆಯದೇ ಉತ್ತರದ ಆಡುರೂಪ, ಒಂದು ಬಂದರೆ ಇನ್ನೊಂದು ತಾನಾಗಿ ಅರ್ಥವಾಗುತ್ತದೆ’ ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು.

ಫಿಲಿಪೀನ್ಸ್ ದೇಶದ 1987ರ ಸಂವಿಧಾನ ರಾಷ್ಟ್ರಭಾಷೆ ಎಂದು ಹೆಸರಿಸಿದ ಫಿಲಿಪಿನೊಗೆ ತಳಹದಿ ಟಗಾಲೋಗ್ ಭಾಷೆ. ಇಲೊಕಾನೊ ಲುಜಾನ್ ದ್ವೀಪದ ಉತ್ತರ ಭಾಗದ್ದು. ಎರಡೂ ಆಸ್ಟ್ರೊನೇಷ್ಯನ್ ಕುಟುಂಬದವೇ, ಕವಲು ಮಾತ್ರ ಬೇರೆ. ಲಾ ಯೂನಿಯನ್ ಪ್ರಾಂತ್ಯವಂತೂ 2012ರಲ್ಲಿ ಇಲೊಕಾನೊಗೆ ಅಧಿಕೃತ ಸ್ಥಾನ ಕೊಟ್ಟಿದೆ.

ಕಣ್ಣಿಗೆ ‘ಮಾತಾ’, ಐದಕ್ಕೆ ‘ಲಿಮಾ’, ನಾಯಿಗೆ ‘ಆಸೊ’: ಇವು ಎರಡರಲ್ಲೂ ಒಂದೇ. ಗೊಂದಲ ಹುಟ್ಟುವುದು ಇಲ್ಲಿಂದ. ಆದರೆ ನೀರು ಇಲೊಕಾನೊದಲ್ಲಿ ‘ದಾನುಮ್’, ಟಗಾಲೋಗ್‌ನಲ್ಲಿ ‘ತುಬಿಗ್’. ಒಂದೇ ರೂಪದ ಪದಗಳು ಇನ್ನೂ ಅಪಾಯ. ‘ಸಾಬೊಂಗ್’ ಇಲೊಕಾನೊದಲ್ಲಿ ಹೂವು, ಟಗಾಲೋಗ್‌ನಲ್ಲಿ ಕೋಳಿ ಅಂಕ! ‘ಬಿಗಾತ್’ ಇಲೊಕಾನೊದಲ್ಲಿ ಬೆಳಗು, ಟಗಾಲೋಗ್‌ನಲ್ಲಿ ತೂಕ.

ವ್ಯಾಕರಣದಲ್ಲೂ ದಾರಿ ಬೇರೆ. ‘ಬಾಸಾ’ ಎಂದರೆ ಓದು. ‘ಓದುತ್ತಿದ್ದಾನೆ’ ಎನ್ನಲು ಟಗಾಲೋಗ್ ‘ಬಾ’ ಅನ್ನಷ್ಟೇ ಇಮ್ಮಡಿಸುತ್ತದೆ: ‘ನಗ್‌ಬಾಬಾಸಾ’. ಇಲೊಕಾನೊ ಮುಂದಿನ ವ್ಯಂಜನವನ್ನೂ ಎಳೆದುಕೊಳ್ಳುತ್ತದೆ: ‘ಅಗ್‌ಬಾಸ್‌ಬಾಸಾ’. ಬಹುವಚನವೂ ಹೀಗೆಯೇ, ಮನೆ ‘ಬಾಲಾಯ್’, ಮನೆಗಳು ‘ಬಾಲ್‌ಬಾಲಾಯ್’. ಟಗಾಲೋಗ್‌ನ ‘ಮಂಗಾ ಬಾಹಾಯ್’ (ಮನೆಗಳು) ಕಲಿತವರು ಬಹುವಚನ ಸೂಚಿಸುವ ಆ ‘ಮಂಗಾ’ವನ್ನು ಇಲೊಕಾನೊ ನಾಮಪದಗಳ ಮೊದಲಿಗೆ ಸೇರಿಸಿದರೆ ವಾಕ್ಯ ಕೆಡುತ್ತದೆ.