ಸ್ಪಷ್ಟನೆ: ಕೇಬಲ್ ಕತ್ತರಿಸಿದರೆ ಸಿಬಿ ಆಂಟೆನಾ ಟ್ಯೂನ್ ಆಗಲ್ಲ

ತುಮಕೂರಿನ ರೇಡಿಯೊ ಹವ್ಯಾಸಿಗಳ ವಾಟ್ಸಾಪ್‌ನಲ್ಲಿ ಒಂದು ಮಾತು ಓಡಾಡುತ್ತಿದೆ: ‘ಸಿಬಿ ರೇಡಿಯೊದ ಎಸ್‌ಡಬ್ಲ್ಯೂಆರ್ ಜಾಸ್ತಿ ಬಂದರೆ ಕೋಆಕ್ಸ್ ಕೇಬಲನ್ನು 18 ಅಡಿಗೆ ಕತ್ತರಿಸಿ, ಸರಿಹೋಗುತ್ತೆ.’ ಇದು ತಪ್ಪು. (ಸಿಬಿ ಅಂದರೆ ಸಿಟಿಜನ್ಸ್ ಬ್ಯಾಂಡ್, ಗಾಡಿಯಲ್ಲೂ ಹಾಕಿಕೊಂಡು ಮಾತಾಡುವ ರೇಡಿಯೊ. ಎಸ್‌ಡಬ್ಲ್ಯೂಆರ್ ಅಂದರೆ ಆಂಟೆನಾಗೆ ಕಳಿಸಿದ ಶಕ್ತಿ ಎಷ್ಟರ ಮಟ್ಟಿಗೆ ವಾಪಸ್ ಬರುತ್ತಿದೆ ಎಂದು ಮೀಟರ್ ತೋರಿಸುವ ಅಂಕಿ. ಕೋಆಕ್ಸ್ ಅಂದರೆ ಸೆಟ್‌ನಿಂದ ಆಂಟೆನಾಗೆ ಹೋಗುವ ಕೇಬಲ್.) ಸುಮ್ನೆ ಒಳ್ಳೆಯ ಕೇಬಲ್ ಹಾಳು ಮಾಡಬೇಡಿ.

ಕೇಬಲ್ ಗಿಡ್ಡವಾದರೆ ಮೀಟರ್‌ನ ಅಂಕಿ ಕೆಲವೊಮ್ಮೆ ಬದಲಾಗಬಹುದು. ಆಂಟೆನಾದ ದೋಷ ಮಾತ್ರ ಹಾಗೇ ಇರುತ್ತದೆ. ಟ್ಯೂನ್ ಮಾಡಬೇಕಾದ್ದು ಆಂಟೆನಾ ಕಡ್ಡಿಯನ್ನು. 27 ಮೆಗಾಹರ್ಟ್ಸ್‌ನಲ್ಲಿ ಕಾಲು ತರಂಗದ (ತರಂಗದ ಉದ್ದದಲ್ಲಿ ನಾಲ್ಕನೇ ಒಂದು ಭಾಗದ) ಕಡ್ಡಿ ಸುಮಾರು 2.7 ಮೀಟರ್. ಮೇಲಿನ ಚಾನೆಲ್‌ಗಳಲ್ಲಿ ಎಸ್‌ಡಬ್ಲ್ಯೂಆರ್ ಜಾಸ್ತಿಯಿದ್ದರೆ ಕಡ್ಡಿ ಉದ್ದವಾಗಿದೆ, ಕೆಳಗಿನ ಚಾನೆಲ್‌ಗಳಲ್ಲಿ ಜಾಸ್ತಿಯಿದ್ದರೆ ಗಿಡ್ಡವಾಗಿದೆ. ಎಲ್ಲದರಲ್ಲೂ ಜಾಸ್ತಿಯೇ? ಹಾಗಾದರೆ ಕಡ್ಡಿ ಮುಟ್ಟಬೇಡಿ. ಕನೆಕ್ಟರ್ ನೋಡಿ. ಆಂಟೆನಾ ಬುಡ ಗಾಡಿಯ ಬಾಡಿಗೆ ಸರಿಯಾಗಿ ತಾಗಿದೆಯಾ ನೋಡಿ. ಅಲ್ಲಿ ಬಣ್ಣ, ತುಕ್ಕು ಇದ್ದರೆ ಉಜ್ಜಿ ತೆಗೆಯಿರಿ. ಎಸ್‌ಡಬ್ಲ್ಯೂಆರ್ ಅಂಕಿ 3 ದಾಟಿದ್ದರೆ ದೋಷ ಸರಿಪಡಿಸುವವರೆಗೆ ಮಾತಾಡುವ ಬಟನ್ ಒತ್ತಬೇಡಿ, ಸೆಟ್‌ನ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟುಹೋಗಬಹುದು.