ಎಲ್ಲಾ ಕವರ್ ಆಗುತ್ತೆ ಸಾರ್

ಸಿಂಗಾಪುರದಿಂದ ಹಡಗು. ಪೆನಾಂಗ್, ಫುಕೆಟ್, ಮತ್ತೆ ಸಿಂಗಾಪುರ. ನಾಲ್ಕು ರಾತ್ರಿ, ಮೂರು ಜನ: ನಾನು, ನನ್ನವಳು, ನಮ್ಮತ್ತೆ. ಬಾಲ್ಕನಿ ರೂಮಿಗೆ ಎಷ್ಟಾಯಿತು ಅಂತ ಕೇಳಬೇಡಿ, ಅತ್ತೆಗೇ ಇನ್ನೂ ಹೇಳಿಲ್ಲ. ಅಷ್ಟು ದುಡ್ಡನ್ನು ಹತ್ತು ನಿಮಿಷದಲ್ಲಿ ಕಟ್ಟಿ ಮುಗಿಸಿದೆ. ಆಮೇಲೆ ಟ್ರಾವೆಲ್ ಇನ್ಶೂರೆನ್ಸ್‌ನಲ್ಲಿ ಮುನ್ನೂರು ರೂಪಾಯಿ ಉಳಿಸೋಕೆ ಮೂರು ರಾತ್ರಿ ನಿದ್ದೆಗೆಟ್ಟೆ.

ಊರಿಗೆ ಹೋಗುವಾಗ ಈ ತಲೆನೋವು ಇಲ್ಲ. ರೈಲು ಟಿಕೆಟ್ ಮಾಡುವಾಗ ಐಆರ್‌ಸಿಟಿಸಿ ಕೇಳುತ್ತದೆ, 45 ಪೈಸೆಗೆ ವಿಮೆ ಬೇಕಾ ಅಂತ. ಬೇಕು ಅಂತ ಒಂದು ಟಿಕ್ ಹಾಕಿದರೆ ಮುಗಿಯಿತು. ಅಪಘಾತದಲ್ಲಿ ಹೋಗಿಬಿಟ್ಟರೆ ಮನೆಯವರಿಗೆ 10 ಲಕ್ಷ. ನಿಮ್ಮ ಬಿಪಿ ಎಷ್ಟು ಅಂತ ರೈಲು ಕೇಳಲ್ಲ.

ಹಡಗಿನ ಪ್ರವಾಸದ ವಿಮೆಗೆ ಮಾತ್ರ ಏಜೆಂಟ್ ಮನೆಗೇ ಬಂದ. ಟೀಪಾಯಿ ಮೇಲೆ ಬಣ್ಣದ ಹಾಳೆ ಹರಡಿ, ಕಾಫಿ ಲೋಟ ಕೈಗೆ ತಗೊಂಡು, "ಎಲ್ಲಾ ಕವರ್ ಆಗುತ್ತೆ ಸಾರ್" ಅಂದ. ಕಾಫಿಗೂ ಈ ವ್ಯಾಪಾರಕ್ಕೂ ಹಳೇ ನಂಟು. ಲಂಡನ್ನಿನಲ್ಲಿ 1680ರ ದಶಕದಲ್ಲಿ ಎಡ್ವರ್ಡ್ ಲಾಯ್ಡ್ ಅನ್ನೋನ ಕಾಫಿ ಅಂಗಡಿಯಲ್ಲಿ ಕೂತು ಜನ ಹಡಗುಗಳಿಗೆ ವಿಮೆ ಬರೆಯುತ್ತಿದ್ದರು. ಆಗ ವಿಮೆ ಹಡಗಿಗೆ ಮತ್ತು ಸರಕಿಗೆ. ಸರಕಿಗೆ ಬಿಪಿ ಇರಲ್ಲ, ವ್ಯವಹಾರ ಸಲೀಸು.

"ನನ್ನ ಆಫೀಸಿನ ಮೆಡಿಕ್ಲೈಮ್ ಇದೆಯಲ್ಲಪ್ಪಾ?"

"ಅದು ವಿಮಾನ ಹತ್ತಿದ ಕೂಡಲೇ ಮಲಗಿಬಿಡುತ್ತೆ ಸಾರ್. ಹಡಗಲ್ಲಿ ಡಾಕ್ಟರ್ ಇರ್ತಾರೆ, ಫ್ರೀ ಅಲ್ಲ. ಬಿಲ್ಲು ರೂಮಿನ ಲೆಕ್ಕಕ್ಕೆ ಬರುತ್ತೆ. ನೀವು ಕಟ್ಟಿ, ರಸೀದಿ ತಂದು ಆಮೇಲೆ ಕ್ಲೇಮ್ ಮಾಡ್ಕೋಬೇಕು."

ಸರಿ, ಹಾಗಾದರೆ ಅತ್ತೆಗೆ ಹಡಗಿನ ಓಲಾಟಕ್ಕೆ ವಾಂತಿ ಶುರುವಾದರೆ?

"ಕವರ್ ಆಗುತ್ತೆ ಸಾರ್. ಡಿಡಕ್ಟಿಬಲ್ 100 ಡಾಲರ್ ಇದೆ ಅಷ್ಟೇ."

ಅಂದರೆ ಮೊದಲ ನೂರು ಡಾಲರ್ ವಾಂತಿ ನಮ್ಮದು. ಅದರ ಮೇಲೆ ಆದದ್ದು ಅವರದ್ದು. ನಮ್ಮತ್ತೆ ಗಟ್ಟಿ ಹೆಂಗಸು, ಆದರೂ ಅಷ್ಟು ದೂರ ಹೋಗಲಾರರು ಅನ್ನಿಸಿತು.

ರಾತ್ರಿ ಸಣ್ಣಕ್ಷರ ಓದಲು ಕೂತೆ. ಹೈಜಾಕ್ ಆದರೆ ದಿನಕ್ಕಿಷ್ಟು ಭತ್ಯೆ. ನಾವಿಲ್ಲದಾಗ ಮನೆಗೆ ಕಳ್ಳ ನುಗ್ಗಿದರೆ ಇಷ್ಟು. ಆಮೇಲೆ ಕಣ್ಣಿಗೆ ಬಿತ್ತು, 'ಹೋಲ್ ಇನ್ ಒನ್'. ಗಾಲ್ಫ್‌ನಲ್ಲಿ ಒಂದೇ ಏಟಿಗೆ ಚೆಂಡು ಗುಂಡಿಗೆ ಬಿದ್ದರೆ, ಹೊಡೆದವನೇ ಕ್ಲಬ್ಬಿನಲ್ಲಿದ್ದವರಿಗೆಲ್ಲ ಕುಡಿಸಬೇಕು ಅನ್ನೋದು ಪದ್ಧತಿ. ಆ ಪಾರ್ಟಿ ಖರ್ಚನ್ನು ವಿಮೆ ಕೊಡುತ್ತದೆ! ಸುಮ್ನೆ ಹೇಳ್ತಿಲ್ಲ, ನಮ್ಮ ದೇಶದಲ್ಲಿ ಮಾರುವ ಕೆಲವು ಪಾಲಿಸಿಗಳಲ್ಲೂ ಇದು ಇದೆ. ಮನುಷ್ಯನ ಅದೃಷ್ಟವನ್ನೂ ಅಪಘಾತ ಅಂತ ಬರೆದುಕೊಂಡಿರುವ ದೂರದೃಷ್ಟಿಗೆ ಕೈ ಮುಗಿದೆ. ಆದರೆ ನಾವು ಹತ್ತೋದು ಹಡಗು. ಗುಂಡಿ ಎಲ್ಲಿಂದ ತರೋಣ?

ಹಡಗಿನಲ್ಲಿ ನಿಜವಾಗಿ ಆಗುವ ಕಷ್ಟಗಳೇ ಬೇರೆ. ಗಾಳಿ ಜೋರಾದರೆ ಕ್ಯಾಪ್ಟನ್ ಪೆನಾಂಗ್ ಬಿಟ್ಟು ಸಮುದ್ರದಲ್ಲೇ ಸುತ್ತು ಹಾಕಬಹುದು. ಅದಕ್ಕೆ ಟಿಕೆಟ್‌ನಲ್ಲೇ ನಾವು ಒಪ್ಪಿಗೆ ಕೊಟ್ಟಿರುತ್ತೇವೆ. ಫುಕೆಟ್‌ನಲ್ಲಿ ಟುಕ್‌ಟುಕ್ ಕೈಕೊಟ್ಟು ನಾವು ಬರುವುದು ತಡವಾದರೆ ಹಡಗು ಕಾಯಲ್ಲ. ಪಾಲಿಸಿಯಲ್ಲಿ 'ವಿಳಂಬ'ಕ್ಕೆ ದುಡ್ಡು ಇದೆಯಲ್ಲ ಅಂದರೆ, ಅದು ವಿಮಾನದ ವಿಳಂಬಕ್ಕೆ, ನಮ್ಮ ವಿಳಂಬಕ್ಕಲ್ಲ. ಇದಕ್ಕೆಲ್ಲ ಬೇಕಿದ್ದರೆ 'ಕ್ರೂಸ್ ಆ್ಯಡ್‌ಆನ್' ಅಂತ ಬೇರೆ ಇದೆಯಂತೆ. ಹಡಗಿನ ಪ್ರವಾಸದ ವಿಮೆಯಲ್ಲಿ ಹಡಗು ಎಕ್ಸ್‌ಟ್ರಾ. ಊಟದ ಹೋಟೆಲಿನಲ್ಲಿ ಅನ್ನಕ್ಕೆ ಬೇರೆ ಬಿಲ್ಲು ಹಾಕಿದ ಹಾಗೆ.

ಆ ಆ್ಯಡ್‌ಆನ್‌ನಲ್ಲಿ 'ಕ್ಯಾಬಿನ್ ಕನ್‌ಫೈನ್‌ಮೆಂಟ್' ಅಂತ ಒಂದಿದೆ. ಹಡಗಿನ ಡಾಕ್ಟರು ನಿಮ್ಮನ್ನು ರೂಮಿನಲ್ಲೇ ಕೂಡಿಹಾಕಿದರೆ ದಿನಕ್ಕಿಷ್ಟು. ಮೊದಲು ನಗು ಬಂತು. ಆಮೇಲೆ 2020ರ ಫೆಬ್ರುವರಿ ನೆನಪಾಯಿತು. ಜಪಾನಿನ ಯೊಕೊಹಾಮಾದಲ್ಲಿ ಡೈಮಂಡ್ ಪ್ರಿನ್ಸೆಸ್ ಅನ್ನೋ ಪ್ರವಾಸಿ ಹಡಗನ್ನು ಕೊರೊನಾ ಅಂತ ಕ್ವಾರಂಟೈನ್ ಮಾಡಿದಾಗ 3,711 ಜನ ಒಳಗಿದ್ದರು. ಅದರಲ್ಲಿ ನಮ್ಮವರು 138. ನಗು ನಿಂತಿತು.

ಬೆಳಿಗ್ಗೆ ಫಾರಂ ತುಂಬಿಸಲು ಏಜೆಂಟ್ ಮತ್ತೆ ಬಂದ.

"ಅಮ್ಮಾ, ಏನಾದ್ರೂ ಕಾಯಿಲೆ ಇದೆಯಾ?"

"ನಂಗೇನ್ ಕಾಯಿಲೆ? ಕಲ್ಲುಗುಂಡಿನ ಹಾಗಿದೀನಿ. ಬೆಳಿಗ್ಗೆ ಒಂದು ಬಿಪಿ ಮಾತ್ರೆ, ಅಷ್ಟೇ."

ಏಜೆಂಟ್ ಪೆನ್ನು ಕೆಳಗಿಟ್ಟ. ದನಿ ತಗ್ಗಿಸಿ ನನ್ನ ಕಡೆ ಬಾಗಿದ. "ಸಾರ್, ಬರೆದ್ರೆ ಪ್ರೀಮಿಯಂ ಜಾಸ್ತಿ. ಬರೀದಿದ್ರೆ ಚೀಪು, ಆದ್ರೆ ನಾಳೆ ಏನಾದ್ರೂ ಆದ್ರೆ ಕ್ಲೇಮ್ ಕಷ್ಟ. ನೀವೇ ನೋಡಿ."

"ಬರೆದ್ರೆ ಬಿಪಿಯಿಂದ ಏನೇ ಆದ್ರೂ ಕೊಡ್ತಾರಾ?"

"ಜೀವಕ್ಕೇ ಅಪಾಯ ಅನ್ನೋ ಹಾಗಿದ್ರೆ ಮಾತ್ರ ಸಾರ್."

"ಮತ್ತೆ ಎಲ್ಲಾ ಕವರ್ ಆಗುತ್ತೆ ಅಂದ್ಯಲ್ಲಪ್ಪಾ?"

"ಎಲ್ಲಾ ಅಂದ್ರೆ, ಆಗೋದೆಲ್ಲಾ ಆಗುತ್ತೆ ಸಾರ್."

ಬರೆಸಿದೆ. ದುಡ್ಡು ಕಟ್ಟಿದೆ. ಪಾಲಿಸಿ ಮೇಲ್‌ಗೆ ಬಂತು, ಮದುವೆ ಆಲ್ಬಮ್‌ಗಿಂತ ದಪ್ಪ.

ಸಂಜೆ ನೋಡಿದರೆ ಅತ್ತೆ ದೇವರ ಮನೆಯಲ್ಲಿ ಅರಿಶಿನದ ಬಟ್ಟೆಗೆ 11 ರೂಪಾಯಿ ಕಟ್ಟುತ್ತಿದ್ದರು. ಧರ್ಮಸ್ಥಳಕ್ಕೆ ಮುಡಿಪು. ಸುಖವಾಗಿ ವಾಪಸ್ ಬಂದ ಮೇಲೆ ಹೋಗಿ ಹುಂಡಿಗೆ ಹಾಕುವುದು. ಆಪತ್ತು ಕಳೆದ ಮೇಲೆ ಪ್ರೀಮಿಯಂ ತಗೊಳ್ಳೋ ಸ್ಕೀಮನ್ನು ನಾನು ಬೇರೆಲ್ಲೂ ನೋಡಿಲ್ಲ.

"ಬಿಪಿ ವಿಷಯ ಹೇಳಿದ್ರಾ ಅತ್ತೆ?" ಅಂದೆ.

ಗಂಟು ಬಿಗಿಯುತ್ತಲೇ ಅಂದರು, "ಮಂಜುನಾಥನಿಗೆ ಗೊತ್ತಿಲ್ದೆ ಇರುತ್ತಾ ಅಳಿಯಂದ್ರೇ?"